ಆನ್‌ಲೈನ್ ಸೈಕಾಲಜಿ ಡಿಗ್ರಿ ಮಾಡಿದ್ರ ನೌಕರಿ ಸಿಗತೈತೇನು? ಫೀ ಕಟ್ಟುವ ಮೊದಲು ಈ ಲೆಕ್ಕ ಹಾಕ್ರಿ

ಈ ವಾರ ಗೊಬ್ಬರ, ಹುಳ, ಔಷಧಿಯ ಮಾತನ್ನು ಸ್ವಲ್ಪ ಬದಿಗಿಡೋಣ. ಕೆಲವು ತಿಂಗಳಿಂದ ನನ್ನ ಫೋನಿಗೆ ಬೆಳೆಗೆ ಸಂಬಂಧವೇ ಇಲ್ಲದ ಒಂದು ಪ್ರಶ್ನೆ ಬರ್ತಾನೇ ಇದೆ. "ಅಣ್ಣಾ, ನಮ್ಮ ತಂಗಿ ಮನ್ಯಾಗ ಕುಂತು ಮೊಬೈಲ್‌ನ್ಯಾಗ ಸೈಕಾಲಜಿ ಡಿಗ್ರಿ ಮಾಡ್ತೀನಿ ಅಂತಾಳ. ಮುಂದ ನೌಕರಿ ಸಿಗತೈತೇನು?" ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ನಾಲ್ಕೂ ತಾಲೂಕಿನಿಂದ ಇದೇ ಪ್ರಶ್ನೆ. ಕೆಲವರು ತಂಗಿಗಾಗಿ ಕೇಳ್ತಾರೆ, ಕೆಲವರು ಹೆಂಡತಿಗಾಗಿ. ಹಗಲು ಹೊಲ, ರಾತ್ರಿ ಓದು ಅಂತ ತಮಗಾಗಿಯೇ ಕೇಳುವ ಹುಡುಗರೂ ಇದ್ದಾರೆ.

ನಾನು ಅರಭಾವಿಯಲ್ಲಿ ತೋಟಗಾರಿಕೆ ಡಿಗ್ರಿ ಮುಗಿಸಿ ಹೊಲಕ್ಕೆ ಬಂದವ. ಸೈಕಾಲಜಿ ನನ್ನ ವಿಷಯ ಅಲ್ಲ. ಆದರೆ ಒಂದು ಡಿಗ್ರಿ ಕಾಗದದ ಮೇಲೆ ಎಷ್ಟು, ಕೆಲಸದ ಜಾಗದಲ್ಲಿ ಎಷ್ಟು ಅನ್ನೋದರ ಲೆಕ್ಕ ಹಾಕಿ ನನಗೆ ರೂಢಿ ಇದೆ. ಕೇಳಿದವರಿಗೆಲ್ಲ ಒಂದೊಂದು ಮಾತು ಹೇಳೋದಕ್ಕಿಂತ ವಿಚಾರಿಸಿ ಒಂದೇ ಕಡೆ ಬರೆದಿಡ್ತೇನೆ, ಬೇಕಾದವರಿಗೆ ಕಳಿಸ್ರಿ.

ಮೊದಲು ನೇರ ಉತ್ತರ

ಹೊಸದಾಗಿ ಸೇರುವವರಿಗೆ ಆ ಬಾಗಿಲು ಮುಚ್ಚಿದೆ. ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಸೈಕಾಲಜಿ ಕಲಿಸುವುದನ್ನು 2025ರ ಜುಲೈ–ಆಗಸ್ಟ್ ಶೈಕ್ಷಣಿಕ ಅವಧಿಯಿಂದ ನಿಲ್ಲಿಸಬೇಕೆಂದು ಯುಜಿಸಿ ಎಲ್ಲ ವಿಶ್ವವಿದ್ಯಾಲಯಗಳಿಗೆ ಸೂಚಿಸಿದೆ. ಸೈಕಾಲಜಿ ಒಂದೇ ಅಲ್ಲ. ಮೈಕ್ರೊಬಯಾಲಜಿ, ಬಯೋಟೆಕ್ನಾಲಜಿ, ಆಹಾರ ಮತ್ತು ಪೋಷಣೆ ವಿಜ್ಞಾನ, ಕ್ಲಿನಿಕಲ್ ನ್ಯೂಟ್ರಿಷನ್ ಕೂಡ ಆ ಪಟ್ಟಿಯಲ್ಲಿವೆ. ಬಿ.ಎ.ಯಲ್ಲಿ ಇತಿಹಾಸ, ಕನ್ನಡ, ಸೈಕಾಲಜಿ ಅಂತ ಹಲವು ವಿಷಯ ಇದ್ದರೆ ಬಿ.ಎ. ಪೂರ್ತಿ ನಿಲ್ಲುವುದಿಲ್ಲ, ಸೈಕಾಲಜಿ ವಿಷಯ ಮಾತ್ರ ತೆಗೆಯುತ್ತಾರೆ.

ಇನ್ನು ಅದಕ್ಕೂ ಮೊದಲೇ ಸೇರಿದವರು, ಮುಗಿಸಿದವರು ಗಾಬರಿ ಆಗಬೇಕಿಲ್ಲ. ಸೇರುವಾಗ ಆ ಕೋರ್ಸಿಗೆ ಯುಜಿಸಿ ಮಾನ್ಯತೆ ಇದ್ದರೆ ಡಿಗ್ರಿ ಡಿಗ್ರಿಯೇ. ಮಾನ್ಯತೆ ಇರುವ ದೂರಶಿಕ್ಷಣ ಮತ್ತು ಆನ್‌ಲೈನ್ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ ಎಂದು ಯುಜಿಸಿ 2022ರಲ್ಲೇ ಸ್ಪಷ್ಟ ಮಾಡಿದೆ. ಪ್ರಶ್ನೆ ಇರೋದು ಆ ಡಿಗ್ರಿ ಹಿಡಿದು ಯಾವ ಬಾಗಿಲು ತಟ್ಟಬಹುದು ಅನ್ನೋದು.

ಯಾಕೆ ನಿಲ್ಲಿಸಿದರು?

2021ರಲ್ಲಿ ಕೇಂದ್ರ ಸರ್ಕಾರ ಆರೋಗ್ಯ ಕ್ಷೇತ್ರದ ಪೂರಕ ವೃತ್ತಿಗಳಿಗೆ ಒಂದು ಕಾಯಿದೆ ಮಾಡಿತು. ಡಾಕ್ಟರು, ನರ್ಸು ಬಿಟ್ಟು ಆಸ್ಪತ್ರೆಯಲ್ಲಿ ದುಡಿಯುವ ಹತ್ತಾರು ವೃತ್ತಿಗಳು ಅದರಡಿ ಬಂದವು. ಸೈಕಾಲಜಿಸ್ಟ್ ಕೂಡ ಅದರಲ್ಲೊಬ್ಬ. ಆ ಕಾಯಿದೆ ಪ್ರಕಾರ ಆರೋಗ್ಯ ವೃತ್ತಿಪರ ಅನಿಸಿಕೊಳ್ಳಬೇಕಾದರೆ 3ರಿಂದ 6 ವರ್ಷದಲ್ಲಿ ಕನಿಷ್ಠ 3600 ಗಂಟೆಯ ಓದು ಮತ್ತು ತರಬೇತಿ ಬೇಕು. ಅಷ್ಟು ತರಬೇತಿಯನ್ನು ಮೊಬೈಲ್ ಪರದೆ ಮೇಲೆ ಕೊಡಲಾಗದು ಅನ್ನುವುದೇ ಇದರ ಹಿಂದಿನ ವಿಚಾರ.

ನಮಗೆ ಇದು ಅರ್ಥ ಆಗದ ಮಾತೇನಲ್ಲ. ಮಾವಿನ ಕಸಿ ಕಟ್ಟುವ ವಿಡಿಯೊ ಸಾವಿರ ಇವೆ. ನೂರು ವಿಡಿಯೊ ನೋಡಿದವನ ಕೈಗೆ ಚಾಕು ಕೊಟ್ಟು, ಕಡ್ಡಿ ಕೊಟ್ಟು ನೋಡ್ರಿ. ಎಷ್ಟು ಕಸಿ ಹಿಡೀತಾವ? ಕಲಿತವರು ಪಕ್ಕದಲ್ಲಿ ನಿಂತು "ಇಲ್ಲಿ ಓರೆ ಕೊಯ್ದಿ, ಇಲ್ಲಿ ಸಡಿಲ ಕಟ್ಟಿದಿ" ಅಂತ ತಿದ್ದಿದಾಗಲೇ ಕೈ ಕೂಡ್ತದೆ. ನಮ್ಮ ತೋಟಗಾರಿಕೆ ಡಿಗ್ರಿಯಲ್ಲೂ ಹಳ್ಳಿಯಲ್ಲಿ ಉಳಿದು ರೈತರ ಜತೆ ಕೆಲಸ ಮಾಡುವ ಒಂದು ಅವಧಿ ಇರುತ್ತದೆ. ಅದಿಲ್ಲದೆ ಪದವಿ ಇಲ್ಲ. ಗಿಡಕ್ಕೇ ಇಷ್ಟು ಬೇಕಾದರೆ, ಮನಸ್ಸು ಒಡೆದು ಎದುರಿಗೆ ಕುಂತ ಮನುಷ್ಯನ ಜತೆ ಮಾತಾಡಲು ಎಷ್ಟು ಬೇಕು, ನೀವೇ ಹೇಳ್ರಿ.

ಮೂರು ಹೆಸರು, ಮೂರು ಅಳತೆ

ನಮ್ಮ ಕಡೆ ಎಲ್ಲರನ್ನೂ "ಮನಸ್ಸಿನ ಡಾಕ್ಟರ್" ಅಂದುಬಿಡ್ತಾರೆ. ನೌಕರಿ ಲೆಕ್ಕಕ್ಕೆ ಇವು ಬೇರೆ ಬೇರೆ.

ಮನೋವೈದ್ಯ: ಇವರು ಎಂ.ಬಿ.ಬಿ.ಎಸ್. ಮುಗಿಸಿ ಆಮೇಲೆ ಮನೋರೋಗ ಶಾಸ್ತ್ರ ಓದಿದ ಡಾಕ್ಟರು. ಗುಳಿಗೆ ಬರೆಯುವ ಅಧಿಕಾರ ಇವರದು. ಸೈಕಾಲಜಿ ಡಿಗ್ರಿಯಿಂದ ಇಲ್ಲಿಗೆ ದಾರಿ ಇಲ್ಲ.

ಕ್ಲಿನಿಕಲ್ ಸೈಕಾಲಜಿಸ್ಟ್: ಇವರು ರೋಗಿಯ ಮನಸ್ಥಿತಿಯನ್ನು ಪರೀಕ್ಷೆಗಳಿಂದ ಅಳೆದು, ಮಾತಿನ ಮೂಲಕ ಚಿಕಿತ್ಸೆ ಕೊಡುವವರು. 2017ರ ಮಾನಸಿಕ ಆರೋಗ್ಯ ಕಾಯಿದೆ ಈ ಹೆಸರಿಗೆ ಅಳತೆ ಹಾಕಿದೆ. ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, ಒಪ್ಪಿದ ಕ್ಲಿನಿಕಲ್ ಸೈಕಾಲಜಿ ವಿದ್ಯಾರ್ಹತೆ ಬೇಕು. ಇಷ್ಟು ವರ್ಷ ನಡೆದು ಬಂದ ದಾರಿ ಎಂದರೆ ಎಂ.ಎ. ಆದಮೇಲೆ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್., ಅದೂ ಆಸ್ಪತ್ರೆಯಲ್ಲಿ ಹಿರಿಯರ ಕೈಕೆಳಗೆ. ಹೊಸ ಶಿಕ್ಷಣ ನೀತಿ ಬಂದ ಮೇಲೆ ಎಂ.ಫಿಲ್. ಜಾಗದಲ್ಲಿ ಬೇರೆ ಹೆಸರಿನ ಕೋರ್ಸ್ ಬರ್ತಿವೆ. ಹೆಸರು ಏನೇ ಇರಲಿ, ಆರ್‌ಸಿಐ ಮಾನ್ಯತೆ ಇದೆಯೇ ಅಂತ ನೋಡ್ರಿ. ಬರೀ ಬಿ.ಎ. ಅಥವಾ ಬರೀ ಎಂ.ಎ. ಮಾಡಿ ಈ ಬೋರ್ಡ್ ಹಾಕುವಂತಿಲ್ಲ.

ಆಪ್ತಸಮಾಲೋಚಕ, ಅಂದರೆ ಕೌನ್ಸೆಲರ್: ನಮ್ಮ ತಾಲೂಕುಗಳಲ್ಲಿ ಸೈಕಾಲಜಿ ಓದಿದವರಿಗೆ ಸಿಗುವ ಕೆಲಸ ಹೆಚ್ಚಾಗಿ ಇದೇ. ಅರ್ಹತೆ ಹುದ್ದೆಯಿಂದ ಹುದ್ದೆಗೆ ಬೇರೆ.

ನಾನು ಗೇಟಿಗೆ "ಸಾವಯವ ತೋಟ" ಅಂತ ಬೋರ್ಡ್ ಬರೆಸಿದ ಮಾತ್ರಕ್ಕೆ ನನ್ನ ಟೊಮೆಟೊ ಸಾವಯವ ಆಗೋದಿಲ್ಲ. ಪಿಜಿಎಸ್ ಗುಂಪಿನವರು ಹೊಲಕ್ಕೆ ಬಂದು ನೋಡ್ತಾರೆ, ದಾಖಲೆ ಕೇಳ್ತಾರೆ. ಇಲ್ಲೂ ಹಾಗೇ.

ನೌಕರಿ ಎಲ್ಲೆಲ್ಲಿ ಇವೆ?

ತಾಲೂಕು, ಜಿಲ್ಲೆ ಮಟ್ಟದಲ್ಲಿ ಸೈಕಾಲಜಿ ಓದಿದವರಿಗೆ ದಾರಿ ಇರುವ ಜಾಗಗಳು ಇವು:

• ಸರ್ಕಾರಿ ಆಸ್ಪತ್ರೆಗಳ ಎಚ್‌ಐವಿ ಪರೀಕ್ಷೆ ಮತ್ತು ಆಪ್ತಸಮಾಲೋಚನಾ ಕೇಂದ್ರ, ಹದಿಹರೆಯದವರ ಸ್ನೇಹ ಕ್ಲಿನಿಕ್.
• ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಮಹಿಳೆಯರಿಗಾಗಿ ಇರುವ ಸಖಿ ಕೇಂದ್ರ, ಸಾಂತ್ವನ ಕೇಂದ್ರ.
• ಕುಡಿತ ಬಿಡಿಸುವ ಕೇಂದ್ರಗಳು.
• ಟೆಲಿ ಮಾನಸ್ ಸಹಾಯವಾಣಿ. ಇಲ್ಲಿ ಮೊದಲ ಹಂತದಲ್ಲಿ ಫೋನ್ ಎತ್ತುವವರು ತರಬೇತಿ ಪಡೆದ ಸಮಾಲೋಚಕರು, ಮುಂದಿನ ಹಂತದಲ್ಲಿ ತಜ್ಞರು.
• ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ. ಇದರ ತಂಡದಲ್ಲಿ ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟ್, ಸಮಾಜ ಕಾರ್ಯಕರ್ತರು, ನರ್ಸ್ ಇರುತ್ತಾರೆ.
• ಪಿಯು ಕಾಲೇಜು ಉಪನ್ಯಾಸಕ ಹುದ್ದೆ. ಇದಕ್ಕೆ ಎಂ.ಎ. ಜತೆ ಬಿ.ಇಡಿ. ಬೇಕು. ಡಿಗ್ರಿ ಕಾಲೇಜಿಗಾದರೆ ನೆಟ್ ಅಥವಾ ಕೆ–ಸೆಟ್.

ಪಟ್ಟಿ ಉದ್ದ ಕಂಡಿತು ಅಂತ ಹಿಗ್ಗಬೇಡ್ರಿ. ಮೂರು ಮಾತು ನೆನಪಿರಲಿ. ಒಂದು, ಇಂಥ ಒಂದು ಕೇಂದ್ರದಲ್ಲಿ ಇರೋದು ಒಂದೋ ಎರಡೋ ಹುದ್ದೆ. ಎರಡು, ಇವುಗಳಲ್ಲಿ ಬಹಳಷ್ಟು ಗುತ್ತಿಗೆ ನೌಕರಿ; ಯೋಜನೆ ಇರೋತನಕ ಕೆಲಸ. ಮೂರು, ಸಮಾಲೋಚಕ ಹುದ್ದೆಗೆ ಸೈಕಾಲಜಿಯವರು ಮಾತ್ರ ಅಲ್ಲ, ಎಂ.ಎಸ್.ಡಬ್ಲ್ಯು. ಮಾಡಿದವರೂ ಸಾಲಿನಲ್ಲಿ ನಿಂತಿರ್ತಾರೆ. ಅವರಿಗೆ ಹಳ್ಳಿಯಲ್ಲಿ, ಆಸ್ಪತ್ರೆಯಲ್ಲಿ ಓಡಾಡಿ ಕೆಲಸ ಮಾಡಿದ ಅನುಭವ ಓದಿನಲ್ಲೇ ಸಿಕ್ಕಿರುತ್ತದೆ. ಸಂದರ್ಶನದಲ್ಲಿ "ಎಷ್ಟು ಜನರ ಜತೆ ಕೂತು ಮಾತಾಡಿದ್ದೀರಿ?" ಅಂತ ಕೇಳಿದರೆ ಆನ್‌ಲೈನ್ ಡಿಗ್ರಿಯವರು ಸುಮ್ಮನಾಗುವುದು ಇಲ್ಲೇ.

ಪಿಯು ಉಪನ್ಯಾಸಕ ಹುದ್ದೆ ಆಸೆ ಇದ್ದವರು ಮೊದಲು ಸುತ್ತಲಿನ ಎಷ್ಟು ಕಾಲೇಜಿನಲ್ಲಿ ಸೈಕಾಲಜಿ ವಿಷಯ ಇದೆ ಅಂತ ಎಣಿಸಿ ನೋಡ್ರಿ. ಇತಿಹಾಸ, ಅರ್ಥಶಾಸ್ತ್ರದ ಹಾಗೆ ಊರೂರಿಗೆ ಇರುವ ವಿಷಯ ಅಲ್ಲ ಅದು.

ಈಗಾಗಲೇ ಡಿಗ್ರಿ ಇದ್ದವರು ಏನು ಮಾಡಬೇಕು?

ಮಾನ್ಯತೆ ಇರುವ ಆನ್‌ಲೈನ್ ಡಿಗ್ರಿ ಕೈಯಲ್ಲಿದ್ದರೆ ಅದನ್ನು ಮೊದಲು "ಯಾವುದೇ ಪದವಿ" ಅಂತ ನೋಡ್ರಿ. ಕೆಎಎಸ್, ಪಿಡಿಒ, ಬ್ಯಾಂಕ್ ಪರೀಕ್ಷೆಗಳು ಕೇಳುವುದು ಮಾನ್ಯ ವಿಶ್ವವಿದ್ಯಾಲಯದ ಪದವಿ, ವಿಷಯ ಯಾವುದೇ ಇರಲಿ. ಹೊಲ ನೋಡಿಕೊಂಡು ಪರೀಕ್ಷೆಗೆ ಓದುವವರಿಗೆ ಇದು ದೊಡ್ಡ ಅನುಕೂಲ.

ಸಮಾಲೋಚನೆಯೇ ಮಾಡಬೇಕು ಅನ್ನುವ ಹಟ ಇದ್ದರೆ, ಮುಂದಿನ ಹೆಜ್ಜೆ ಎದುರಾಎದುರು ಕಲಿಯುವಂಥದ್ದೇ ಆಗಿರಲಿ. ರೆಗ್ಯುಲರ್ ಎಂ.ಎ. ಅಥವಾ ಎಂ.ಎಸ್ಸಿ. ಸೈಕಾಲಜಿ, ಇಲ್ಲವೇ ಎಂ.ಎಸ್.ಡಬ್ಲ್ಯು. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಎನ್‌ಸಿಇಆರ್‌ಟಿಯ ಮಾರ್ಗದರ್ಶನ ಮತ್ತು ಸಮಾಲೋಚನೆ ಡಿಪ್ಲೊಮಾ ಇದೆ. ಶಾಲೆಗಳಲ್ಲಿ ಕೆಲಸ ಮಾಡುವ ಮನಸ್ಸಿದ್ದವರು ಅದನ್ನು ವಿಚಾರಿಸಬಹುದು. ವಿಶೇಷ ಅಗತ್ಯದ ಮಕ್ಕಳಿಗೆ ಕಲಿಸಬೇಕು ಅನ್ನುವವರಿಗೆ ಆರ್‌ಸಿಐ ಮಾನ್ಯತೆಯ ಬಿ.ಇಡಿ. ಇದೆ. ಈ ಕೆಲಸಕ್ಕೆ ಬಂದರೆ ಆರ್‌ಸಿಐನಲ್ಲಿ ಹೆಸರು ನೋಂದಾಯಿಸಿ ನಂಬರ್ ಪಡೆಯಬೇಕು.

ಅಲ್ಲಿಯವರೆಗೆ ಸುಮ್ಮನೆ ಕೂರಬೇಡ್ರಿ. ಹತ್ತಿರದ ಕುಡಿತ ಬಿಡಿಸುವ ಕೇಂದ್ರ, ವಿಶೇಷ ಮಕ್ಕಳ ಶಾಲೆಗೆ ಹೋಗಿ "ಆರು ತಿಂಗಳು ಕೈಕೆಳಗ ಕೆಲಸ ಮಾಡ್ತೀನ್ರಿ, ಕಲಿಸ್ರಿ" ಅಂತ ಕೇಳ್ರಿ. ಕೊನೆಗೆ ಒಂದು ಅನುಭವ ಪತ್ರ ತಗೊಳ್ರಿ. ಸಂದರ್ಶನದಲ್ಲಿ ಅಂಕಪಟ್ಟಿಗಿಂತ ಆ ಪತ್ರ ಜೋರಾಗಿ ಮಾತಾಡ್ತದೆ.

ಪಿಯುಸಿ ಮುಗಿಸಿದವರಿಗೆ: ಧಾರವಾಡ ದೂರ ಇಲ್ಲ

ನಮ್ಮ ಬೈಲಹೊಂಗಲ ಉಪವಿಭಾಗದವರು ಈ ವಿಷಯದಲ್ಲಿ ಅದೃಷ್ಟವಂತರು. ಕಿತ್ತೂರು ಹೆದ್ದಾರಿ ಮೇಲೇ ಇದೆ, ಧಾರವಾಡ ಸುಮಾರು 30 ಕಿಲೋಮೀಟರ್. ಬೈಲಹೊಂಗಲ, ಸವದತ್ತಿಯಿಂದ ಸುಮಾರು 40. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸೈಕಾಲಜಿಯ ಸ್ನಾತಕೋತ್ತರ ವಿಭಾಗ ಇದೆ. ಅದೇ ಊರಲ್ಲಿ ಡಿಮ್ಹಾನ್ಸ್ ಇದೆ. ಜನ ಈಗಲೂ "ಧಾರವಾಡ ಹುಚ್ಚಾಸ್ಪತ್ರಿ" ಅಂತ ಚಾಷ್ಟಿ ಮಾಡುವ ಜಾಗ ಅದೇ. ಉತ್ತರ ಕರ್ನಾಟಕದಲ್ಲಿ ಮನಸ್ಸಿನ ಚಿಕಿತ್ಸೆಯನ್ನು ಕೈ ಹಿಡಿದು ಕಲಿಸುವ ಮುಖ್ಯ ಜಾಗವೂ ಅದೇ. ಬೆಂಗಳೂರಿನ ನಿಮ್ಹಾನ್ಸ್‌ತನಕ ಹೋಗಲಾಗದವರಿಗೆ ಇಷ್ಟು ಹತ್ತಿರ ಇಂಥದ್ದು ಇರುವುದು ಸಣ್ಣ ಮಾತಲ್ಲ.

ಖರ್ಚಿನ ಲೆಕ್ಕ ನೋಡೋಣ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾದಾ ಮತ್ತು ಎಕ್ಸ್‌ಪ್ರೆಸ್ ಸರ್ಕಾರಿ ಬಸ್ ಪುಕ್ಕಟೆ. ಕಿತ್ತೂರಿನ ಹುಡುಗಿ ದಿನಾ ಧಾರವಾಡಕ್ಕೆ ಹೋಗಿ ಬಂದರೆ ಬಸ್ಸಿನ ಖರ್ಚು ಸೊನ್ನೆ. ಹುಡುಗರಿಗೆ ವಿದ್ಯಾರ್ಥಿ ಪಾಸ್ ಇದೆ. ರಾಮದುರ್ಗದಿಂದ ದಿನಾ ಓಡಾಡೋದು ಕಷ್ಟ. ಅಲ್ಲಿಯವರು ಬಿಸಿಎಂ ಅಥವಾ ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲ್‌ಗೆ ಅರ್ಜಿ ಹಾಕ್ರಿ.

ರೈತರ ಮಕ್ಕಳಿಗೆ 2021ರಲ್ಲಿ ರೈತ ವಿದ್ಯಾನಿಧಿ ಶುರುವಾಯಿತು. ಯೋಜನೆಯಲ್ಲಿ ಬಿ.ಎ., ಬಿ.ಎಸ್ಸಿ., ಬಿ.ಕಾಂ.ಗೆ ವರ್ಷಕ್ಕೆ ಹುಡುಗರಿಗೆ 5,000, ಹುಡುಗಿಯರಿಗೆ 5,500 ರೂಪಾಯಿ. ಸ್ನಾತಕೋತ್ತರಕ್ಕೆ 10,000 ಮತ್ತು 11,000 ರೂಪಾಯಿ ಎಂದು ಇಟ್ಟಿದ್ದರು. ಇದಕ್ಕೆ ಅಪ್ಪ ಅಥವಾ ಅವ್ವನ ಹೆಸರಲ್ಲಿ ಫ್ರೂಟ್ಸ್ ಐಡಿ ಇರಬೇಕು. ಬೆಳೆ ವಿಮೆಗೆ, ಬೆಂಬಲ ಬೆಲೆಗೆ ಮಾಡಿಸಿದ್ದೀರಲ್ಲ, ಅದೇ ನಂಬರ್. ಈ ವರ್ಷದ ಅರ್ಜಿಯ ಸ್ಥಿತಿ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ನೋಡ್ರಿ.

ಮನೆಯಲ್ಲಿ "ಹುಡುಗಿ ದಿನಾ ಅಷ್ಟು ದೂರ ಯಾಕ ಹೋಗಬೇಕು, ಮೊಬೈಲ್‌ನ್ಯಾಗ ಆಗತೈತೆಲ್ಲ" ಅಂತ ಹಿರಿಯರು ಅಂದರೆ ಈ ಲೆಕ್ಕ ಮುಂದಿಡ್ರಿ. ಹಲವು ಮನೆಗಳಲ್ಲಿ ಆನ್‌ಲೈನ್ ಡಿಗ್ರಿ ಅನ್ನೋದು ಹುಡುಗಿಯ ಆಯ್ಕೆ ಅಲ್ಲ, ಹೊಸಲು ದಾಟದಿರಲಿ ಅನ್ನುವ ರಾಜಿ. ಯುಜಿಸಿ ಸೂಚನೆ ಬಂದ ಮೇಲೆ ಆ ರಾಜಿಗೂ ಜಾಗ ಉಳಿದಿಲ್ಲ. ಆಕೆ ಸೈಕಾಲಜಿ ಓದಬೇಕಾದರೆ ಬಸ್ ಹತ್ತಲೇಬೇಕು.

ಏಜೆಂಟ್ ಫೋನ್ ಬಂದರೆ

ರಾಮದುರ್ಗ ಕಡೆಯ ಹತ್ತಿ ಬೆಳೆಗಾರ ತಮ್ಮನೊಬ್ಬ ಹೇಳಿದ್ದು ಇದು. ತಂಗಿಯ ನಂಬರಿಗೆ ಯಾರೋ ಫೋನ್ ಮಾಡಿ, "ಮನೆಯಲ್ಲೇ ಕೌನ್ಸೆಲರ್ ಆಗಿ, ನೂರಕ್ಕೆ ನೂರು ನೌಕರಿ ಗ್ಯಾರಂಟಿ, ಇವತ್ತೇ ಕಟ್ಟಿದರೆ ಅರ್ಧ ಫೀ ಬಿಡ್ತೀವಿ" ಅಂದರಂತೆ. ಹತ್ತಿ ಮಾರಿದ ದುಡ್ಡು ಖಾತೆಯಲ್ಲಿತ್ತು, ಕಟ್ಟಲು ತಯಾರಾಗಿದ್ದರು.

ನಾ ಕೇಳಿದೆ, "ತಮ್ಮಾ, ಅದು ಡಿಗ್ರಿನೋ, ಸರ್ಟಿಫಿಕೇಟೋ?"

"ಅಂತಾರಾಷ್ಟ್ರೀಯ ಅಂದ್ರಣ್ಣ."

"ಯಾವ ಯೂನಿವರ್ಸಿಟಿದು ಅಂತ ಕೇಳು."

ಕೇಳಿದ. ಆ ಕಡೆಯಿಂದ ಉತ್ತರ ಬರಲಿಲ್ಲ, ಫೋನೂ ಬರಲಿಲ್ಲ. ದುಡ್ಡು ಉಳಿಯಿತು.

ನಾವು ಬೀಜ ತರುವಾಗ ಚೀಲದ ಮೇಲಿನ ನೀಲಿ ಚೀಟಿ ನೋಡ್ತೀವಿ, ಲಾಟ್ ನಂಬರ್ ನೋಡ್ತೀವಿ, ರಸೀದಿ ಇಟ್ಕೋತೀವಿ. ಕೋರ್ಸ್ ವಿಷಯದಲ್ಲೂ ಅದೇ ಶಿಸ್ತು ಬೇಕು. ಸೈಕಾಲಜಿ ಇರಲಿ, ಬೇರೆ ಯಾವುದೇ ಆನ್‌ಲೈನ್ ಡಿಗ್ರಿ ಇರಲಿ, ಇವಿಷ್ಟು ನೋಡ್ರಿ:

1. ಡಿಗ್ರಿ ಕೊಡುವ ವಿಶ್ವವಿದ್ಯಾಲಯ ಯಾವುದು? ಆ ಕೋರ್ಸ್, ಆ ವರ್ಷಕ್ಕೆ ಯುಜಿಸಿ ದೂರಶಿಕ್ಷಣ ಬ್ಯೂರೋ ಪಟ್ಟಿಯಲ್ಲಿ ಇದೆಯೇ? ವಿಶ್ವವಿದ್ಯಾಲಯದ ಹೆಸರು ಇದ್ದರೆ ಸಾಲದು, ಕೋರ್ಸಿನ ಹೆಸರೂ ಇರಬೇಕು.
2. ಡೆಬ್ ಐಡಿ ಕೇಳಿದರೇ? 2024ರಿಂದ ಆನ್‌ಲೈನ್, ದೂರಶಿಕ್ಷಣಕ್ಕೆ ಸೇರಲು ಎಬಿಸಿ ಐಡಿ ಮತ್ತು ಡೆಬ್ ಐಡಿ ಬೇಕೇ ಬೇಕು. ಅದನ್ನು ನಿಮ್ಮ ಮೊಬೈಲಿನಲ್ಲಿ ನೀವೇ ಮಾಡಿಕೊಳ್ಳಬಹುದು. ಕೇಳದೇ ಸೇರಿಸಿಕೊಂಡರೆ ಅನುಮಾನ ಪಡ್ರಿ.
3. ದುಡ್ಡು ಯಾರ ಖಾತೆಗೆ ಹೋಗ್ತದೆ? ವಿಶ್ವವಿದ್ಯಾಲಯದ ಖಾತೆಗೋ, ನಡುವಿನ ಕಂಪನಿಗೋ? ಫ್ರ್ಯಾಂಚೈಸಿ ಮೂಲಕ ಇಂಥ ಕೋರ್ಸ್ ನಡೆಸಲು ಯುಜಿಸಿ ಒಪ್ಪಿಗೆ ಇಲ್ಲ.
4. ಫೀ ಕಂತಿನಲ್ಲಿ ಅಂದರೆ ಅದು ನಿಜವಾಗಿ ಕಂತೋ, ನಿಮ್ಮ ಹೆಸರಲ್ಲಿ ಎತ್ತುವ ಸಾಲವೋ? ಕೋರ್ಸ್ ಬಿಟ್ಟರೂ ಸಾಲ ಬಿಡೋದಿಲ್ಲ.
5. ಈ ಡಿಗ್ರಿಗೆ ಸಿಗುವ ನೌಕರಿಯ ಒಂದು ಸರ್ಕಾರಿ ಅಧಿಸೂಚನೆ ತೋರಿಸಲು ಹೇಳ್ರಿ. ಅದರಲ್ಲಿ ವಿದ್ಯಾರ್ಹತೆ ಕಾಲಂ ನೀವೇ ಓದ್ರಿ.

ಕೆಲಸ ಇದೆ, ಹುದ್ದೆ ಕಡಿಮೆ

ಇಷ್ಟೆಲ್ಲ ಹೇಳಿದ್ದಕ್ಕೆ "ಹಂಗಾದ್ರ ಸೈಕಾಲಜಿ ಬ್ಯಾಡ ಅಂತೀರೇನು?" ಅಂತ ಕೇಳಬಹುದು. ಬೇಡ ಅನ್ನೋದಿಲ್ಲ. ನಮ್ಮೂರುಗಳಿಗೆ ಈ ಓದು ಬೇಕಾದಷ್ಟು ಬೇರೆ ಎಲ್ಲಿಗೂ ಬೇಕಿಲ್ಲ ಅಂತ ನನಗೆ ಅನಿಸ್ತದೆ. ಮಲಪ್ರಭೆಗೆ ನೀರು ಬಾರದ ವರ್ಷ, ಹತ್ತಿ ರೇಟು ಬಿದ್ದ ವರ್ಷ, ಕಬ್ಬಿನ ಬಿಲ್ಲು ತಡವಾದ ವರ್ಷ ನಮ್ಮ ಮನೆಗಳಲ್ಲಿ ಏನು ನಡೀತದೆ ಅಂತ ನಿಮಗೆ ಗೊತ್ತು. ರೈತ ಜೀವ ಕಳಕೊಂಡ ಮೇಲೆ ಸರ್ಕಾರ ಕುಟುಂಬಕ್ಕೆ 5 ಲಕ್ಷ ಪರಿಹಾರ ಕೊಡ್ತದೆ. ಅದಕ್ಕೂ ಮೊದಲು ಅವನ ಪಕ್ಕದಲ್ಲಿ ಕೂತು ಕೇಳುವ ತರಬೇತಾದ ಮನುಷ್ಯ ಊರಲ್ಲಿ ಇಲ್ಲ.

ಹಳ್ಳಿಗೆ ಮನಸ್ಸಿನ ಚಿಕಿತ್ಸೆ ಮುಟ್ಟಿಸಬಹುದು ಅಂತ ದೇಶಕ್ಕೆ ತೋರಿಸಿದ್ದು ನಮ್ಮದೇ ರಾಜ್ಯ. ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಸಿಬ್ಬಂದಿಗೆ ತರಬೇತಿ ಕೊಟ್ಟು ಮಾಡಿದ ಪ್ರಯೋಗವೇ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಆಮೇಲೆ ನಮ್ಮಲ್ಲಿ ಮನೋಚೈತನ್ಯ ಅಂತ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಕ್ಲಿನಿಕ್ ಶುರುವಾದವು. ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಬರುವ ದಿನ ಯಾವುದು ಅಂತ ಒಮ್ಮೆ ಕೇಳಿ ಬರ್ರಿ. ಸೈಕಾಲಜಿ ಓದುವ ಆಸೆ ಇದ್ದವರಿಗೆ ಅದೇ ಮೊದಲ ಪಾಠ: ಹೊರಗೆ ಬೆಂಚಿನ ಮೇಲೆ ಯಾರು ಕೂತಿದ್ದಾರೆ, ಎಷ್ಟು ಹೊತ್ತು ಕಾಯ್ತಾರೆ ನೋಡ್ರಿ. ಆ ಜನರ ನಡುವೆ ದಿನಾ ಕೂರುವ ಮನಸ್ಸು ನಿಮಗಿದೆ ಅನಿಸಿದರೆ ಐದಾರು ವರ್ಷದ ಓದು ದಂಡ ಆಗೋದಿಲ್ಲ. "ಮನ್ಯಾಗ ಕುಂತು ಗಳಿಸಬಹುದು" ಅನ್ನೋದೊಂದೇ ಕಾರಣ ಆದರೆ ಆ ದುಡ್ಡನ್ನು ಹನಿ ನೀರಾವರಿಗೆ ಹಾಕ್ರಿ, ಬೇಗ ಮರಳಿ ಬರ್ತದೆ.

ಡಿಗ್ರಿ ಇಲ್ಲದೆ ಇವತ್ತೇ ಮಾಡಬಹುದಾದದ್ದೂ ಇದೆ. ಗೆಳೆಯನೋ, ಕಾಕಾನೋ ನಿದ್ದೆ ಬಿಟ್ಟಿದ್ದಾನೆ, ಹೊಲಕ್ಕೆ ಹೋಗೋದು ಬಿಟ್ಟಿದ್ದಾನೆ, ಕುಡಿತ ಹೆಚ್ಚಾಗಿದೆ, "ನಾ ಇರಲಿಲ್ಲಂದ್ರೂ ನಡೀತೈತಿ" ಅನ್ನುವ ಮಾತು ಬಂದಿದೆ ಅಂದರೆ ನಕ್ಕು ಹಾರಿಸಬೇಡ್ರಿ. ಪಕ್ಕ ಕೂತು ಕೇಳ್ರಿ, ಬುದ್ಧಿವಾದ ಕಡಿಮೆ ಇರಲಿ. ಒಬ್ಬನನ್ನೇ ಬಿಡಬೇಡ್ರಿ. ಮನೆಯಲ್ಲಿರುವ ಕೀಟನಾಶಕ ಡಬ್ಬಿಗಳನ್ನು ಬೀಗ ಹಾಕಿ ಇಡ್ರಿ, ಕೀಲಿ ಬೇರೆಯವರ ಹತ್ತಿರ ಇರಲಿ. ಟೆಲಿ ಮಾನಸ್ ನಂಬರ್ 14416, ಪುಕ್ಕಟೆ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡ್ತಾರೆ. 2022ರ ಅಕ್ಟೋಬರ್‌ನಿಂದ ನಡೀತಿದೆ. ಈ ನಂಬರ್ ಈಗಲೇ ಸೇವ್ ಮಾಡಿಕೊಳ್ರಿ, ಗುಂಪಿಗೂ ಹಾಕ್ರಿ.

ಕೋರ್ಸ್ ಬಗ್ಗೆ ಅನುಮಾನ ಇದ್ದವರು ಕೋರ್ಸಿನ ಹೆಸರು, ವಿಶ್ವವಿದ್ಯಾಲಯದ ಹೆಸರು ಬರೆದು ಕಳಿಸ್ರಿ. ಮಾನ್ಯತೆ ಪಟ್ಟಿಯಲ್ಲಿ ಹುಡುಕೋದು ಹೇಗೆ ಅಂತ ತೋರಿಸ್ತೇನೆ. ಮುಂದಿನ ವಾರ ಮತ್ತೆ ಹೊಲಕ್ಕೆ ಹೋಗೋಣ: ಕಡಲೆಯ ಕಾಯಿಕೊರಕಕ್ಕೆ ಮೋಹಕ ಬಲೆ ಎಷ್ಟು, ಯಾವಾಗ, ಎಲ್ಲಿ ಕಟ್ಟಬೇಕು ಅನ್ನೋದು.